ಹೆಣದ ಪಾರ್ಟು

ಸ್ಟೇಜಿನ ಮೇಲೆ ನಾನು ಸತ್ತಷ್ಟು ಸಲ ಈ ಜಿಲ್ಲೆಯಲ್ಲಿ ಯಾರೂ ಸತ್ತಿರಲಿಕ್ಕಿಲ್ಲ. ವಿಷ ಕುಡಿದು ಸತ್ತಿದ್ದೇನೆ. ಹಗ್ಗ ಹಾಕಿಕೊಂಡು ಸತ್ತಿದ್ದೇನೆ. ಗಂಡ ಒದ್ದು, ಮೈದುನ ಇರಿದು, ಖಳನಾಯಕ ಸೆರಗಿಗೆ ಕೈ ಹಾಕಿದ್ದಕ್ಕೆ ನಾನೇ ಚಾಕು ಚುಚ್ಚಿಕೊಂಡು ಸತ್ತಿದ್ದೇನೆ. ಸೇಡಂ ಕಡೆ ಸತ್ತಿದ್ದೇನೆ, ಚಿತ್ತಾಪುರದ ಕಡೆ ಸತ್ತಿದ್ದೇನೆ. ಚಿಂಚೋಳಿಯ ಆಚೆ, ಕುಂಚಾವರಂ ಕಾಡಿನ ಅಂಚಿನಲ್ಲಿ, ಅರ್ಧ ತೆಲುಗು ಮಾತಾಡುವ ಮಂದಿಯ ಮುಂದೆಯೂ ಸತ್ತಿದ್ದೇನೆ. ಇಪ್ಪತ್ತೊಂದು ವರ್ಷದಲ್ಲಿ ಕೊನೆಯ ಪರದೆ ಬೀಳುವ ಹೊತ್ತಿಗೆ ನಾನು ಜೀವಂತ ಇದ್ದದ್ದು ನಾಲ್ಕೈದು ಸಲ. ಆಗಲೂ ಯಾರದೋ ಪಾದ ಹಿಡಿದು ಕೂತಿರುತ್ತಿದ್ದೆ.

ನನ್ನ ಹೆಸರು ದ್ರೌಪದಿ. ಊರು ವಾಡಿ. ರೈಲ್ವೆ ಗೇಟಿನ ಆಚೆ, ಬುದ್ಧ ವಿಹಾರದ ಹಿಂದೆ ಮನೆ. ಹಳ್ಳಿ ನಾಟಕಗಳಿಗೆ ಹೆಣ್ಣು ಪಾರ್ಟು ಮಾಡುವುದು ನನ್ನ ಕೆಲಸ. ನಮ್ಮ ಕಡೆಯ ನಾಟಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಡಸರ ಪಾರ್ಟು ಎಲ್ಲ ಊರವರೇ ಮಾಡುತ್ತಾರೆ. ಎರಡು ತಿಂಗಳು ತಾಲೀಮು ನಡೆಸುತ್ತಾರೆ. ಊರಿನ ಹೆಂಗಸರು ಸ್ಟೇಜು ಹತ್ತುವಂತಿಲ್ಲ, ಹತ್ತಿದರೆ ಮನೆತನದ ಇಜ್ಜತ್ತು ಹೋಗುತ್ತದೆ. ಆದರೆ ಹೆಂಗಸಿಲ್ಲದೆ ನಾಟಕ ಹೇಗಾದೀತು? ಯಾರನ್ನು ಹೊಡೆಯುವುದು, ಯಾರನ್ನು ಸಾಯಿಸುವುದು, ಯಾರ ಸಲುವಾಗಿ ಅಳುವುದು? ಅದಕ್ಕೆ ಹೊರಗಿನಿಂದ ನಮ್ಮಂಥ ಇಬ್ಬರನ್ನು ಕರೆಸುತ್ತಾರೆ. ನಾವು ನಾಟಕದ ದಿನವೇ ಬಸ್ಸು ಇಳಿಯುತ್ತೇವೆ. ಮಾಸ್ತರು ಕತೆ ಹೇಳುತ್ತಾರೆ, ಮಾತು ಓದಿ ತೋರಿಸುತ್ತಾರೆ, ನಾವು ಬಣ್ಣ ಹಚ್ಚಿಕೊಂಡು ನಿಂತುಬಿಡುತ್ತೇವೆ. ಕಲಿಯುವುದಕ್ಕೆ ಹೊಸದೇನೂ ಇರುವುದಿಲ್ಲ. 'ನನ್ನನ್ನು ಕ್ಷಮಿಸಿಬಿಡಿ' ಎಂಬ ಮಾತು ಎಲ್ಲ ನಾಟಕದಲ್ಲೂ ಇದೆ, ಅದು ಹೆಂಗಸಿನ ಬಾಯಲ್ಲೇ ಇದೆ.

ನನ್ನ ಜೋಡಿ ನೀಲಾಬಾಯಿ. ಚಿತ್ತಾಪುರದವಳು, ಅರವತ್ತು ದಾಟಿದೆ. ಲಿಂಗವಂತರ ಮನೆಯ ಮಗಳು. ಹದಿನೇಳಕ್ಕೆ ಗಂಡ ಸತ್ತ. ಇಪ್ಪತ್ತಕ್ಕೆ ಕಂಪನಿ ನಾಟಕ ಸೇರಿದಳು. ಮನೆಯವರು ಅವಳೂ ಸತ್ತಳು ಎಂದು ಹೇಳಿ ಕೈ ತೊಳೆದುಕೊಂಡರು. ಕೊರಳಲ್ಲಿ ಲಿಂಗ ಮಾತ್ರ ಇವತ್ತಿಗೂ ಇದೆ. ಒಂದು ಕಾಲಕ್ಕೆ ನಾಯಕಿ, ಈಗ ಬರೀ ತಾಯಿ, ಅತ್ತೆ, ಭಿಕ್ಷುಕಿ. ಮೊಣಕಾಲು ಹೋಗಿವೆ. ಅವಳೊಬ್ಬಳನ್ನೇ ಯಾರೂ ಕರೆಯುವುದಿಲ್ಲ. ಕರೆದರೆ ಜೋಡಿಯಾಗಿ ಕರೆಯುತ್ತಾರೆ. ನಾನು ಒಂದು ಊರಿಗೆ ಒಲ್ಲೆ ಎಂದರೆ ಇಬ್ಬರ ಮನೆಯಲ್ಲೂ ಒಲೆ ಹತ್ತುವುದಿಲ್ಲ. ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅರ್ಧ ಕಾರಣ ಇದು. ಉಳಿದರ್ಧ ಹೆದರಿಕೆ.

ಹೋದ ವರ್ಷ ಬಸವ ಜಯಂತಿಗೆ ಸೇಡಂ ತಾಲೂಕಿನ ಒಂದು ಊರಿಗೆ ಹೋಗಿದ್ದೆವು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರೊಂದೇ ಹೀಗೆ ಎಂದು ಉಳಿದ ಊರವರು ಆರಾಮಾಗಿ ನಿದ್ದೆ ಮಾಡುತ್ತಾರೆ.

ಮೊದಲು ನಾಟಕ ರಾತ್ರಿ ಶುರುವಾದರೆ ಬೆಳಗಿನ ತನಕ. ಈಗ ರಾತ್ರಿ ಹತ್ತರ ಮೇಲೆ ಮೈಕು ಹಚ್ಚುವಂತಿಲ್ಲ. ಹಾಗಾಗಿ ಆ ಊರವರು ಮೂರು ವರ್ಷದಿಂದ ಮಧ್ಯಾಹ್ನ ಒಂದಕ್ಕೆ ಶುರು ಮಾಡಿ ಹತ್ತರೊಳಗೆ ಮುಗಿಸುತ್ತಾರೆ. ಏಪ್ರಿಲ್ ಕೊನೆ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ನಾಯಿಗಳು ಗಟಾರದಲ್ಲಿ ಮಲಗಿರುತ್ತವೆ. ಊರ ಸ್ಟೇಜಿಗೆ ಹಾಕಿದ್ದು ಶಹಾಬಾದಿನ ಫರಸಿ ಕಲ್ಲು. ಮೇಲೆ ತಗಡು ಇದೆ. ಆದರೆ ತಗಡಿನ ನೆರಳು ಹಿಂದಿನ ಅರ್ಧಕ್ಕೆ ಮಾತ್ರ. ಮುಂದಿನ ಅರ್ಧಕ್ಕೆ ಸಂಜೆಯ ತನಕ ಬಿಸಿಲು ಬಡಿಯುತ್ತದೆ. ಮೈಕು ಇಳಿಬಿಟ್ಟಿರುವುದು ಮುಂದೆ. ಯೂಟ್ಯೂಬಿಗೆ ಲೈವ್ ಬಿಡುವ ಕ್ಯಾಮೆರಾ ಮುಂದೆ. ಅಳುವುದು, ಸಾಯುವುದು ಎಲ್ಲ ಮುಂದೆಯೇ ಆಗಬೇಕು.

ಫರಸಿಯ ಮೇಲೆ ಮಠದ ಜಮಖಾನೆ ಹಾಸುತ್ತಾರೆ. ದಪ್ಪ ಜಮಖಾನೆ, ಅಂಚಿನುದ್ದಕ್ಕೂ ನವಿಲು. ಅದರ ಮೇಲೆ ಬರಿಗಾಲಲ್ಲಿ ಕುಣಿಯಬಹುದು. ಆದರೆ ನಾನು ಸಾಯುವ ಸೀನು ಬಂತೆಂದರೆ ಪರದೆ ಬಿಟ್ಟು, ಇಬ್ಬರು ಬಂದು ಅದನ್ನು ಸುತ್ತಿ ಬದಿಗಿಡುತ್ತಾರೆ. ನಾನು ಬರೀ ಕಲ್ಲಿನ ಮೇಲೆ ಸಾಯಬೇಕು. ಸತ್ತರೆ ಮುಗಿಯಿತೇ? ಇಲ್ಲ. ಹೆಣದ ಮುಂದೆ ನಾಯಕ ಅಳುವ ಹಾಡು ಹಾಡುತ್ತಾನೆ. ಮಂದಿ ಒನ್ಸ್ ಮೋರ್ ಅನ್ನುತ್ತಾರೆ. ಆಮೇಲೆ ಆಹೇರಿ ಶುರು. ನಾಯಕನ ಮಾವ, ಭಾವ, ಗೆಳೆಯರು ಒಬ್ಬೊಬ್ಬರೇ ಸ್ಟೇಜಿಗೆ ಬಂದು ಅವನಿಗೆ ಶಾಲು ಹೊದಿಸುತ್ತಾರೆ, ಪೇಟ ಸುತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಯ ತನಕ ನಾಟಕ ನಿಲ್ಲುತ್ತದೆ. ಹೆಣ ಏಳುವಂತಿಲ್ಲ.

ಅದರ ಹಿಂದಿನ ವರ್ಷ ಅದೇ ಸ್ಟೇಜಿನ ಮೇಲೆ ನನ್ನ ಬೆನ್ನು ಬೊಬ್ಬೆ ಎದ್ದಿತ್ತು. ಹನ್ನೆರಡು ದಿನ ಹೊಟ್ಟೆಯ ಮೇಲೆ ಮಲಗಿದೆ. ಮುಲಾಮು ಹಚ್ಚುತ್ತ ನನ್ನ ಮಗಳು ಲುಂಬಿನಿ ಕೇಳಿದಳು, "ಯವ್ವಾ, ನಾಟಕದಾಗ ಖರೇನೇ ಸುಡತಾರೇನ?" ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅದೇ ನಾಟಕದ ಕೊನೆಗೆ ಖಳನಾಯಕನೂ ಸತ್ತಿದ್ದ. ಅವನು ಜಮಖಾನೆಯ ಮೇಲೇ ಸತ್ತ.

ಈ ಸಲ ಹನ್ನೊಂದಕ್ಕೆ ಹೋಗಿ ಇಳಿದೆವು. ಬಣ್ಣ ಹಚ್ಚಿಕೊಳ್ಳಲು ನಾಟ್ಯ ಸಂಘದ ಖೋಲಿ ಕೊಟ್ಟರು. ನಡುವೆ ಒಂದು ಹಳೆ ಚಾದರ ಕಟ್ಟಿದ್ದರು. ಆಚೆ ಗಂಡಸರು, ಈಚೆ ನಾವು. ಒಂದಕ್ಕೆ ಹೋಗಲು ಗಂಡಸರಿಗೆ ಹಿಂದಿನ ಗೋಡೆ ಇತ್ತು. ನಮಗೆ ಕತ್ತಲಾಗಬೇಕು. ಅದಕ್ಕೇ ನಾವಿಬ್ಬರೂ ಬೆಳಗಿನಿಂದ ನೀರು ಕುಡಿದಿರಲಿಲ್ಲ.

ನಾನು ಸೀರೆ ಉಡಲು ಶುರು ಮಾಡಿದೆ. ಒಂದಲ್ಲ, ಮೂರು. ಒಂದರ ಮೇಲೊಂದು. ಎಲ್ಲಕ್ಕೂ ಮೇಲೆ ಕುಣಿಯುವ ಮಿಂಚಿನ ಸೀರೆ, ಅದರ ಕೆಳಗೆ ಮದುವೆಯ ಹಸಿರು ಸೀರೆ, ಎಲ್ಲಕ್ಕೂ ಕೆಳಗೆ ಸಾಯುವ ಬಿಳಿ ಸೀರೆ. ಸೀನು ಮುಗಿದಂತೆ ಒಂದೊಂದೇ ಬಿಚ್ಚಿ ಹಾಕುವುದು. ಬದಲಿಸಲು ನಮಗೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಹೀಗಾಗಿ ಸಾಯುವ ಹೊತ್ತಿಗೆ ಮೈಮೇಲೆ ಉಳಿಯುವುದು ಆ ತೆಳು ಬಿಳಿ ಸೀರೆ ಒಂದೇ.

ಗೋಡೆಯ ಮೇಲೆ ಒಂದು ಹಳೆ ಫೋಟೋ ಇತ್ತು. ಧೂಳು ಹಿಡಿದಿತ್ತು. ನೀಲಾಬಾಯಿ ಸೆರಗಿನಿಂದ ಒರೆಸಿ ನೋಡಿದಳು. ನಾಯಕನ ತೊಡೆಯ ಮೇಲೆ ತಲೆ ಇಟ್ಟು ಒಬ್ಬ ಹೆಣ್ಣು ಸತ್ತಿದ್ದಳು.

"ಎಷ್ಟ್ ಚೆಂದ ಸತ್ತಾಳ ನೋಡಬೇ," ಎಂದಳು. "ಯಾರಿರಬೇಕು ಈಕಿ? ನಮ್ಮ ಕಂಪನ್ಯಾಗಿನಾಕಿ ಅಂತೂ ಅಲ್ಲ."

ಕೆಳಗೆ ಬರೆದದ್ದನ್ನು ನಾನು ಓದಿ ಹೇಳಿದೆ. "ಶ್ರೀ ದೇವಿಂದ್ರಪ್ಪ, ಸ್ತ್ರೀ ಪಾತ್ರದಲ್ಲಿ."

ನೀಲಾಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಯ್ಯ ನಮ್ಮವ್ವ! ಸಾವ್ಕಾರ! ಮೀಸಿ ಇಲ್ಲಂದ್ರ ನನಗಿಂತ ಚೆಂದ ಇದ್ದನಲ್ಲಬೇ!"

ದೇವಿಂದ್ರಪ್ಪ ಅಂದರೆ ಆ ಊರ ದೊಡ್ಡ ಹೊಲದ ಸಾವ್ಕಾರ, ನಾಟ್ಯ ಸಂಘದ ಅಧ್ಯಕ್ಷ. ನಾಯಕನ ಪಾರ್ಟು ಮಾಡುವ ಚನ್ನು ಅವನ ಹಿರಿ ಮಗ. ನಲವತ್ತು ವರ್ಷದ ಹಿಂದೆ ಆ ಊರಿಗೆ ನಮ್ಮಂಥವರನ್ನು ಕರೆಸುತ್ತಿರಲಿಲ್ಲ. ದೊಡ್ಡ ಮನೆಯ ಹುಡುಗರೇ ಮೀಸೆ ಬೋಳಿಸಿ ಸೀರೆ ಉಡುತ್ತಿದ್ದರು.

ನನಗೆ ನಗು ಬರಲಿಲ್ಲ. ಸತ್ತವನ ಕೆಳಗೆ ಏನಿದೆ ಎಂದು ನೋಡುತ್ತಿದ್ದೆ. ಕಪ್ಪು ಬಿಳುಪು ಫೋಟೋ, ಬಣ್ಣ ಕಾಣುವುದಿಲ್ಲ. ಆದರೆ ಅಂಚಿನ ನವಿಲು ನಿಚ್ಚಳವಾಗಿ ಕಾಣುತ್ತಿತ್ತು. ಅದೇ ಜಮಖಾನೆ.

ಮಾತು ಓದಲು ಚಂದ್ರಾಮ ಮಾಸ್ತರು ಬಂದರು. ನಾಟಕ ಕಲಿಸುವುದು ಅವರೇ, ಹಾರ್ಮೋನಿಯಂ ಪೇಟಿ ಬಾರಿಸುವುದು ಅವರೇ, ನಾಲ್ಕು ತಾಲೂಕಿನ ಊರುಗಳಿಗೆ ನಮ್ಮನ್ನು ಕಳಿಸುವುದೂ ಅವರೇ.

"ಮಾಸ್ತರ್ರೀ, ಸಾಯೂ ಸೀನಿಗೆ ಈ ಸಲ ಜಮಖಾನಿ ಇರ್ಲಿ," ಎಂದೆ. "ಹ್ವಾದ ಸಲ ಬೆನ್ನು ಸುಟ್ಟದ."

"ಅದು ಮಠದ್ದು ತಂಗಿ. ಹೆಣ ಮಲಗಿದ್ರ ಮೈಲಿಗಿ ಆಗ್ತದಂತ."

"ನಾ ಏನ್ ಖರೇ ಸಾಯ್ಲಿಕತ್ತೀನೇನ್ರಿ? ಬ್ಯಾಡ, ಒಂದ್ ಗೋಣಿಚೀಲರೆ ಕೊಡ್ರಿ."

"ಲೈವ್ ಅದ. ಗೋಣಿಚೀಲ ಹಾಸಿದ್ರ ಚೆಂದ ಕಾಣಂಗಿಲ್ಲ."

ನಾನು ಫೋಟೋದ ಕಡೆ ಬೆರಳು ಮಾಡಿದೆ. "ಅಲ್ಲಿ ಹೆಣ ಎದರ ಮ್ಯಾಲ ಮಲಗ್ಯದ ನೋಡ್ರಿ."

ಮಾಸ್ತರು ನೋಡಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ದನಿ ಇಳಿಸಿದರು. "ಅದರ ಮಾತ ಬ್ಯಾರೆ. ಅವರು ಮನಿ ಮಂದಿ. ನೀ ಯಾರ ಪೈಕಿ ಅಂತ ಊರಿಗೆ ಗೊತ್ತದ ದ್ರೌಪದಿ. ನನ್ನ ಬಾಯಿಂದ ಯಾಕ ಅನಸ್ತಿ?"

"ಹಂಗಾದ್ರ ನಾ ಸಾಯಂಗಿಲ್ಲ," ಎಂದೆ.

ಮಾಸ್ತರು ನಕ್ಕು ಎದ್ದು ಹೋದರು. ನಾನು ಹಟ ಮಾಡಿ ಕೊನೆಗೆ ಮಲಗೇ ಮಲಗುತ್ತೇನೆ ಎಂದು ಅವರಿಗೆ ಗೊತ್ತಿತ್ತು. ನೀಲಾಬಾಯಿ ನನ್ನ ತೊಡೆ ಚಿವುಟಿದಳು. "ಸುಮ್ಮ್ ಇರಬೇ ಹುಚ್ಚಿ. ಮುಂದಿನ ತಿಂಗಳ ಇನ್ನ ಎಲ್ಡು ಊರು ಅವ."

ನಾಟಕ ಶುರುವಾಯಿತು. ಸ್ಟೇಜಿನ ಮುಂದೆ ಬಸವಣ್ಣನವರ ಫೋಟೋಕ್ಕೆ ಹೂವಿನ ಹಾರ. ಅಧ್ಯಕ್ಷರ ಭಾಷಣದಲ್ಲಿ ಎಲ್ಲರೂ ಸಮಾನರು ಎಂಬ ಮಾತು ಮೂರು ಸಲ ಬಂತು. ನಾನು ಕುಣಿದೆ. ಮಿಂಚಿನ ಸೀರೆ ಬಿಚ್ಚಿ ಮದುವೆಯಾದೆ. ಚನ್ನುವಿನ ಕೈಲಿ ಎರಡು ಏಟು ತಿಂದೆ. ಅವನು ಹೊಡೆದಂತೆ ಮಾಡುವುದಿಲ್ಲ, ಹೊಡೆಯುತ್ತಾನೆ. ಹಸಿರು ಸೀರೆ ಬಿಚ್ಚಿದೆ. ಮೂರೂವರೆಗೆ ಪರದೆ ಬಿತ್ತು. ಇಬ್ಬರು ಬಂದು ಜಮಖಾನೆ ಸುತ್ತಿದರು. ನಾನು ಬಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟೆ. ಇಡಲಾಗದೆ ತೆಗೆದೆ.

ನಾನು ನೆರಳಿನ ಕಡೆ ಹೋಗಿ ನಿಂತುಬಿಟ್ಟೆ. "ಹಾಸಿದ್ರ ಮಲಗ್ತೀನಿ. ಇಲ್ಲಂದ್ರ ಇಲ್ಲ."

"ಏನಂತ ಈಕಿದು?" ಚನ್ನು ಬಂದ. ಬಡ ರೈತನ ಪಾರ್ಟು, ಮೈಮೇಲೆ ಹರಿದ ಅಂಗಿ, ಕೊರಳಲ್ಲಿ ಬಂಗಾರದ ಸರ. "ಮಲಕ್ಕೋ ಅಂದ್ರ ಮಲಕ್ಕೋಬೇಕು. ನಿನ್ನ ಕರಸಿದ್ದೇ ಅದಕ್ಕ." ಕೈ ಎತ್ತಿದ.

"ಚನ್ನು, ಬಿಡು. ಜಯಂತಿ ದಿನ ಜಗಳ ಬ್ಯಾಡ," ಎಂದು ದೇವಿಂದ್ರಪ್ಪ ತಣ್ಣಗೆ ಹೇಳಿದ. ಅವನೂ ಪರದೆಯ ಹಿಂದಕ್ಕೆ ಬಂದು ಎಲೆಯಡಿಕೆ ಹಾಕಿಕೊಳ್ಳುತ್ತ ನಿಂತಿದ್ದ. "ಮಾಸ್ತರ, ಆ ಮುದಿಕೀನ್ನ ಸಾಯಿಸು. ಸೊಸಿ ಬದ್ಲಿ ಅತ್ತಿ ವಿಷ ಕುಡೀಲಿ, ಈಕಿ ಕುಂತು ಅಳ್ಲಿ. ಯಾರರೆ ಒಬ್ಬಾಕಿ ಹೆಂಗಸು ಸತ್ತರ ಸೈ. ಮುಂದಿಂದು ಚನ್ನು ನೋಡ್ಕೋತಾನ."

ಎರಡೇ ನಿಮಿಷದಲ್ಲಿ ನಾಟಕ ಬದಲಾಯಿತು. ಎರಡು ತಿಂಗಳು ತಾಲೀಮು ಮಾಡಿದ ನಾಟಕ! ಹೆಂಡತಿ ಸಾಯುವಲ್ಲಿ ತಾಯಿ ಸತ್ತಳು, ಚನ್ನು ತನ್ನ ಒಂದು ಮಾತನ್ನೂ ತಿದ್ದಬೇಕಾಗಲಿಲ್ಲ. ಅಳುವ ಹಾಡಿನಲ್ಲಿ 'ನನ್ನ ದೇವಿ' ಎಂದಿತ್ತು. ಅದು ಹೆಂಡತಿಗೂ ನಡೆಯುತ್ತದೆ, ತಾಯಿಗೂ ನಡೆಯುತ್ತದೆ.

"ಸಾವ್ಕಾರ್ರೀ, ನನ್ನದು ಮೈಲಿಗಿ, ಆತು," ಎಂದೆ. "ಈಕಿ ನಿಮ್ಮ ಪೈಕೀನೇ ಅದಾಳಲ್ರಿ. ಕೊಳ್ಳಾಗ ಲಿಂಗ ಅದ ನೋಡ್ರಿ. ಈಕಿಗರೆ ಹಾಸ್ರಿ ಜಮಖಾನಿ."

ದೇವಿಂದ್ರಪ್ಪ ನೀಲಾಬಾಯಿಯ ಕೊರಳು ನೋಡಿದ. ಆಮೇಲೆ ಎಲೆಯಡಿಕೆ ಉಗುಳಿದ. "ಪಾರ್ಟಿಗೆ ಬಂದ ಹೆಂಗಸಿಗೆ ಯಾ ಪೈಕಿ?"

ನೀಲಾಬಾಯಿಯ ಮುಖ ಒಂದು ಗಳಿಗೆ ಸತ್ತುಹೋಯಿತು. ಆದರೆ ಅವಳು ನಲವತ್ತು ವರ್ಷದ ನಟಿ. ನನ್ನ ಕಡೆ ತಿರುಗಿ ಕಣ್ಣು ಹೊಡೆದಳು. "ಬಿಡಬೇ. ನಿಂತು ನಿಂತು ಮೊಣಕಾಲು ನೋಯ್ಲಿಕತ್ಯಾವ. ಮಲಕ್ಕೊಳೂದು ಚೊಲೋನೇ ಆತು."

"ಬ್ಯಾಡ್ರಿ, ನಾನೇ ಮಲಗ್ತೀನಿ," ಎಂದೆ. ಹೌದು, ಎಂದೆ. ಇಷ್ಟು ಹೊತ್ತಿನ ಹಟ ಬಿಟ್ಟು ಸೋತೆ.

"ಈಗ ಬ್ಯಾಡ," ಎಂದ ದೇವಿಂದ್ರಪ್ಪ. "ಆಕೀನೇ ಸಾಯ್ಲಿ. ನೀ ನೋಡು."

ನೀಲಾಬಾಯಿ ಮಾಸ್ತರ ಕಿವಿಯಲ್ಲಿ ಹೇಳುವುದು ನನಗೆ ಕೇಳಿಸಿತು. "ಮಾಸ್ತರ್ರೀ, ಒಂದಕ್ಕ ಹೋಗಿ ಬರ್ತೀನ್ರಿ." ಮಾಸ್ತರು, "ಪರದಿ ಏಳ್ಲಿಕತ್ತದ. ಸತ್ತು ಬಂದು ಹೋಗು," ಎಂದರು.

ಪರದೆ ಎದ್ದಿತು. ವಿಷ ಎಂದು ಒಂದು ತಂಬಿಗೆ ಕೆಂಪು ಶರಬತ್ತು ಇಟ್ಟಿದ್ದರು. ಕ್ಯಾಮೆರಾಕ್ಕೆ ಕಾಣುವಂತೆ ಎಲ್ಲ ಕುಡಿಯಬೇಕು. ನೀಲಾಬಾಯಿ ಎಲ್ಲ ಕುಡಿದಳು. ಬೆಳಗಿನಿಂದ ಅವಳ ಹೊಟ್ಟೆಗೆ ಬಿದ್ದ ಮೊದಲ ನೀರು ಅದು. ತೂರಾಡಿದಳು, ಮಗನ ಹೆಸರು ಕೂಗಿದಳು, ಮುಂದಕ್ಕೆ ಬಂದು ಬಿಸಿಲಿನಲ್ಲಿ ಬಿದ್ದಳು. ಚೆನ್ನಾಗಿ ಬಿದ್ದಳು. ಬೆನ್ನು ಕಲ್ಲಿಗೆ ತಾಗಿದಾಗ ಮೈ ಒಮ್ಮೆ ಜಿಗಿಯಿತು. ಸಾಯುವಾಗ ಜಿಗಿಯುತ್ತದೆ ಎಂದು ಮಂದಿ ಚಪ್ಪಾಳೆ ಹೊಡೆದರು.

ಚನ್ನು ಹಾಡಿದ. ಒನ್ಸ್ ಮೋರ್ ಅಂದರು. ಮತ್ತೆ ಹಾಡಿದ. ಮತ್ತೆ ಒನ್ಸ್ ಮೋರ್. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದೆ. ನನಗೆ ಮಾತ್ರ ಕಾಣುತ್ತಿತ್ತು. ನೀಲಾಬಾಯಿಯ ಹಣೆಯ ಬಣ್ಣ ಬೆವರಲ್ಲಿ ಕರಗಿ ಕಿವಿಗೆ ಇಳಿಯುತ್ತಿತ್ತು. ತುಟಿ ಬಿಗಿ ಹಿಡಿದಿದ್ದಳು. ಹಿಮ್ಮಡಿಯನ್ನು ಒಂದು ಬೆರಳಷ್ಟು ಎತ್ತಿದ್ದಳು. ಅಳುವ ನೆಪದಲ್ಲಿ ನನ್ನ ಸೆರಗನ್ನು ಅವಳ ಬೆನ್ನ ಕೆಳಗೆ ತುರುಕಲು ನೋಡಿದೆ. ಚನ್ನು ಹಾಡುತ್ತಲೇ ಕಾಲಿನಿಂದ ನನ್ನ ಕೈ ಸರಿಸಿದ.

ಆಹೇರಿ ಶುರುವಾಯಿತು. ಮಾವ ಬಂದು ಪೇಟ ಸುತ್ತಿದ. ಭಾವ ಬಂದು ಉಂಗುರ ತೊಡಿಸಿದ. ಗೆಳೆಯರು ಎಂಟು ಜನ ಒಟ್ಟಿಗೇ ಬಂದರು. ಎಲ್ಲರ ಕಾಲಲ್ಲೂ ಚಪ್ಪಲಿ. ಹೆಣ ದಾಟಿಕೊಂಡು ಹೋದರು, ಹೆಣ ದಾಟಿಕೊಂಡು ಬಂದರು. ಒಬ್ಬೊಬ್ಬರಿಗೂ ಫೋಟೋ ಆಗಬೇಕು. ಮಾಸ್ತರು ಮೈಕಿನಲ್ಲಿ ಹೆಸರು ಕೂಗುತ್ತಲೇ ಇದ್ದರು. "ಎಷ್ಟಾದವಬೇ?" ಎಂದು ನೀಲಾಬಾಯಿ ತುಟಿ ಅಲ್ಲಾಡಿಸದೆ ಕೇಳಿದಳು. "ಆತಕ್ಕಾ, ಇನ್ನೊಂದೆಲ್ಡು," ಎಂದೆ. ಕೆಳಗೆ ಇನ್ನೂ ಸಾಲು ಇತ್ತು.

ಆಗ ಅವಳ ಸೀರೆಯ ಕೆಳಗಿನಿಂದ ಕಲ್ಲಿನ ಮೇಲೆ ಒದ್ದೆ ಹರಿಯಿತು. ಮೊದಲು ಸ್ವಲ್ಪ. ಆಮೇಲೆ ನಿಲ್ಲಲಿಲ್ಲ.

ಮುಂದೆ ಕೂತವನೊಬ್ಬ ಕೂಗಿದ. "ಏ, ಹೆಣ ಒಂದ್ ಮಾಡ್ತು ನೋಡ್ರೋ!"

ಗಂಡಸರ ಕಡೆ ನಗು ಎದ್ದಿತು. ಶಿಳ್ಳೆ ಬಿತ್ತು. ಚನ್ನು ಹೊಸ ಶಾಲಿನ ತುದಿ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಕ್ಯಾಮೆರಾ ಹುಡುಗ ಒದ್ದೆಯ ಕಡೆಗೇ ಕ್ಯಾಮೆರಾ ತಿರುಗಿಸಿದ. ನೀಲಾಬಾಯಿ ಕಣ್ಣು ತೆರೆಯಲಿಲ್ಲ. ರೆಪ್ಪೆಯ ಸಂದಿಯಿಂದ ನೀರು ಇಳಿಯುತ್ತಿತ್ತು, ಆದರೂ ಅವಳು ಪಾರ್ಟು ಬಿಡಲಿಲ್ಲ. ಅಷ್ಟು ನಗುವ ಮಂದಿಯ ಮುಂದೆ ಅವಳು ಹೆಣವಾಗಿಯೇ ಇದ್ದಳು. ಅದನ್ನು ನೋಡಿ ನನಗೆ ತಡೆಯಲಿಲ್ಲ.

ಎದ್ದೆ. ಮಾಸ್ತರ ಕೈಯಿಂದ ಮೈಕು ಕಿತ್ತುಕೊಂಡೆ.

"ಅಕ್ಕಾ, ಏಳು. ನಿನ್ನ ಸಾವು ಮುಗೀತು."

ನಗು ನಿಂತಿತು.

"ಸಾವ್ಕಾರ್ರೀ, ನೀವೂ ಸೀರಿ ಉಟ್ಟು ಇದೇ ಸ್ಟೇಜಿನ ಮ್ಯಾಲ ಸತ್ತೀರಿ. ಖೋಲ್ಯಾಗ ನಿಮ್ಮ ಫೋಟೋ ಅದ. ಆವತ್ತ ನಿಮ್ಮ ಕೆಳಗ ಏನ್ ಹಾಸಿದ್ರು? ಹೇಳ್ರಿ ಜರಾ ಮಂದಿಗೆ."

"ಮೈಕ್ ಬಂದ್ ಮಾಡ್ರಿ," ಎಂದ ದೇವಿಂದ್ರಪ್ಪ. ಮೈಕು ಸತ್ತಿತು. ಲೈವೂ ನಿಂತಿತು. ಪಾಪ, ನನ್ನ ದನಿಗೆ ಮೈಕು ಬೇಕು ಎಂದು ತಿಳಿದಿದ್ದರು. ಕರೆಂಟು ಹೋದ ಎಷ್ಟು ಊರುಗಳಲ್ಲಿ ಕೊನೆಯ ಸಾಲಿಗೆ ಕೇಳುವಂತೆ ಅತ್ತಿದ್ದೇನೆ ನಾನು!

"ಗಂಡಸು ಹೆಂಗಸಾಗಿ ಸತ್ತರ ಜಮಖಾನಿ! ಹೆಂಗಸು ಹೆಂಗಸಾಗಿ ಸತ್ತರ ಬರೇ ಕಲ್ಲು! ಬರ್ರಿ, ಯಾರರೆ ಒಬ್ಬ ಗಂಡಸು ಮ್ಯಾಲ ಬರ್ರಿ. ಸೀರಿ ನಾ ಉಡಸ್ತೀನಿ. ಒಂದೇ ಒಂದ್ ಹಾಡು ಮುಗಿಯೂ ತನ ಇಲ್ಲಿ ಮಲಕ್ಕೊರ್ರಿ. ಮಲಗಿದ್ರ ನಾ ಜೀವ ಇರೂ ತನ ನಿಮ್ಮೂರಾಗ ಪುಕ್ಕಟೆ ಸಾಯ್ತೀನಿ!"

ಯಾರೂ ಏಳಲಿಲ್ಲ. ಚನ್ನು ಬಂದು ನನ್ನ ಹೆಗಲು ಹಿಡಿದು ದಬ್ಬಿದ. ಬಿದ್ದೆ. ಎರಡೂ ಅಂಗೈ ಕಲ್ಲಿಗೆ ಊರಿದವು. ಚರ್ಮ ಅಲ್ಲೇ ಉಳಿಯಿತೇನೋ ಅನ್ನಿಸಿತು.

ಹೆಂಗಸರು ಕೂತಿದ್ದು ನಡುವೆ ಕಟ್ಟಿದ ಹಗ್ಗದ ಆಚೆ. ಅಲ್ಲಿಂದ ಒಬ್ಬ ಮುದುಕಿ ಹಗ್ಗ ಎತ್ತಿ ನುಸುಳಿ ಬಂದಳು. ಕೈಯಲ್ಲಿ ನೀರಿನ ಬಾಟಲಿ. ಹೆಸರು ಸೈದಾನಬಿ ಎಂದು ಆಮೇಲೆ ಗೊತ್ತಾಯಿತು. ಮೆಟ್ಟಿಲು ಹತ್ತಿ ಬಂದು ಆ ನೀರನ್ನು ನೀಲಾಬಾಯಿಯ ಸುತ್ತ ಕಲ್ಲಿನ ಮೇಲೆ ಸುರಿದಳು. ತನ್ನ ದುಪ್ಪಟ್ಟಾ ತೆಗೆದು ಅವಳ ಸೊಂಟಕ್ಕೆ ಹೊದಿಸಿದಳು. ಆಮೇಲೆ ದೇವಿಂದ್ರಪ್ಪನ ಕಡೆ ತಿರುಗಿದಳು.

"ಈಕಿ ಕೇಳಿದ್ದಕ್ಕ ಜವಾಬು ನಾ ಕೊಡ್ತೀನೋ ದೇವಿಂದ್ರಾ. ಹೊಸಾದಾಗಿ ಮದಿವ್ಯಾಗಿ ಬಂದಿದ್ದೆ ನಾ, ನೀ ಸತ್ತಿದ್ದು ನೋಡೀನಿ. ಜಮಖಾನಿ ಮ್ಯಾಲ ಸತ್ತಿದ್ದಿ. ತಲಿ ಕೆಳಗ ದಿಂಬು ಇಟ್ಟಿದ್ರು. ನಿಮ್ಮವ್ವ ಆ ಬಾಜೂಕ ನಿಂತು ಗಾಳಿ ಹಾಕ್ಲಿಕತ್ತಿದ್ದಳು."

ಹೆಂಗಸರ ಕಡೆ ಯಾರೋ ಕಿಸಕ್ಕನೆ ನಕ್ಕರು. ದೇವಿಂದ್ರಪ್ಪ ಎದ್ದು ಹೋದ.

ನಮ್ಮ ಚೀಲಗಳನ್ನು ಖೋಲಿಯಿಂದ ಹೊರಗೆ ಎಸೆದರು. ಸುಟ್ಟ ಅಂಗೈಯಲ್ಲೇ ಎತ್ತಿಕೊಂಡು, ಬಣ್ಣ ಸಹ ಒರೆಸಿಕೊಳ್ಳದೆ ರೋಡಿಗೆ ಬಂದೆವು. ಸೇಡಂ ಬಸ್ಸು ಸಿಕ್ಕಿತು. ನೀಲಾಬಾಯಿ ಸೀಟಿಗೆ ಬೆನ್ನು ತಾಗಿಸದೆ ಮುಂದಕ್ಕೆ ಬಾಗಿ ಕೂತಳು. ನಾನು ಅವಳ ಕೈ ಹಿಡಿಯಲು ಹೋದೆ. ಕೊಸರಿಕೊಂಡಳು.

"ನಿನಗ ಯಾರ್ ಏಳಂದಿದ್ರು?" ಎಂದಳು. "ಅಟ್ಟು ಮಂದ್ಯಾಗ ನನ್ನ ಮಾನ ಹೋಗಿತ್ತು, ಪಾರ್ಟರೆ ಉಳದಿತ್ತು. ಅದೂ ಕೆಡಿಸಿದಿ."

ನಾನು ಸುಟ್ಟ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಯ ಕಡೆ ತಿರುಗಿದೆ.

ಚಂದ್ರಾಮ ಮಾಸ್ತರು ಆವತ್ತೇ ನಮ್ಮಿಬ್ಬರನ್ನೂ ಪಾತ್ರಧಾರಿಗಳ ವಾಟ್ಸಪ್ ಗ್ರೂಪಿನಿಂದ ತೆಗೆದರು. ಮುಂದಿನ ತಿಂಗಳ ಎರಡು ಊರೂ ಹೋದವು. ಯಾರೂ ಕರೆಯಲಿಲ್ಲ. ನಾನು ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೂಲಿಗೆ ಸೇರಿದೆ. ಹೌದು, ಅದೇ ಫರಸಿ. ವಾಡಿಯಿಂದ ಬೆಳಗಿನ ರೈಲಿಗೆ ಹೋಗುವುದು, ಸಂಜೆ ತನಕ ಹಾಸುಗಲ್ಲು ಎತ್ತುವುದು, ಇಳಿಸುವುದು, ಕೆಸರು ಬಳಿಯುವುದು. ಸ್ಟೇಜು ಬಿಟ್ಟರೂ ಕಲ್ಲು ನನ್ನನ್ನು ಬಿಡಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಸ್ಟೇಜು ಬೇಕು. ಕಲ್ಲು ಹೊರುವಾಗಲೂ ಬಾಯಲ್ಲಿ ನಾಟಕದ ಮಾತು ಬರುತ್ತವೆ. ಒಮ್ಮೊಮ್ಮೆ ಮೆಷಿನ್ನಿನ ಸದ್ದಿನಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಜೊತೆಯವರು ಹುಚ್ಚಿ ಎನ್ನುತ್ತಾರೆ.

ನಾಲ್ಕು ತಿಂಗಳಾದ ಮೇಲೆ ನೀಲಾಬಾಯಿ ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಚಿತ್ತಾಪುರದ ಖೋಲಿ ಬಿಡಿಸಿದ್ದರು. ಬೆನ್ನಿನ ಗಾಯ ಮಾಗಿತ್ತು, ಕಲೆ ಹೋಗಿರಲಿಲ್ಲ. ತಿಂಗಳೊಪ್ಪತ್ತು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ನನ್ನ ಜೊತೆ ಶಹಾಬಾದಿಗೆ ಬಂದು, ಕೆಲಸದ ಜಾಗದ ಗೇಟಿನ ಹತ್ತಿರ ಸ್ಟೋವ್ ಇಟ್ಟು ಕೂಲಿಯವರಿಗೆ ಚಹಾ ಮಾಡಲು ಕೂತಳು.

ಈ ವರ್ಷ ಜಯಂತಿಗೆ ಹತ್ತು ದಿನ ಇರುವಾಗ ಚಂದ್ರಾಮ ಮಾಸ್ತರು ಅಲ್ಲಿಗೇ ಬಂದರು. ಊಟದ ಹೊತ್ತು. ನೀಲಾಬಾಯಿ ಚಹಾ ಕೊಟ್ಟಳು. ಅವರು ನನ್ನ ಕೈ ನೋಡಿದರು, ನನ್ನ ಸೀರೆಯ ಕೆಸರು ನೋಡಿದರು.

"ದ್ರೌಪದಿ, ಒಂದ್ ಕೆಲಸ ಬಂದದ," ಎಂದರು. "ಆ ಊರಾಗ ಈ ವರ್ಷ ಹೊರಗಿನ ಹೆಂಗಸ್ರು ಬ್ಯಾಡ ಅಂದಾರ. ಮೊದಲಿನಂಗ ಗಂಡಸ್ರೇ ಮಾಡ್ತಾರ. ಸಾವ್ಕಾರ್ರ ಸಣ್ಣ ಮಗ ಸಂತೋಷಕುಮಾರ ನಿನ್ನ ಪಾರ್ಟು ಮಾಡ್ತಾನ. ಮೀಸಿ ತಗದಾನ, ಸೀರಿ ಉಡತಾನ, ಎಲ್ಲಾ ಬರೋಬರಿ. ಆದ್ರ ಅವಗ ಸಾಯ್ಲಿಕ್ಕೇ ಬರವಲ್ದು. ಬಿದ್ರ ಕಟಗಿ ಬಿದ್ದಂಗ ಬೀಳ್ತಾನ. ನೀ ಬಂದು ನಾಕ ದಿನ ಕಲಸಿದ್ರ ಸಾವ್ಕಾರ್ರು ಹಿಂದಿಂದೆಲ್ಲಾ ಮರೀತೀನಿ ಅಂದಾರ. ಗ್ರೂಪಿಗೆ ಮತ್ತ ಸೇರಸ್ತೀನಿ. ನೀಲಕ್ಕನ್ನೂ ಸೇರಸ್ತೀನಿ. ಎಲ್ಲಾ ಊರೂ ಸಿಗ್ತಾವ."

ಎಲ್ಲ ಊರು. ಬಣ್ಣ, ಪರದೆ, ಪೇಟಿಯ ಸದ್ದು. ನಾನು ನೀಲಾಬಾಯಿಯ ಕಡೆ ನೋಡಿದೆ. ಈ ಜೋಡಿಯ ಸಲುವಾಗಿಯೇ ಇಪ್ಪತ್ತೊಂದು ವರ್ಷ ಸುಮ್ಮನಿದ್ದವಳು ನಾನು. ಅವಳು ಸುಮ್ಮನಿರಬೇ ಎಂದರೆ ಇವತ್ತೂ ಸುಮ್ಮನಿರುತ್ತಿದ್ದೆ.

ಅವಳು ಸ್ಟೋವ್ ಆರಿಸಿ ಮಾಸ್ತರನ್ನು ಕೇಳಿದಳು. "ಅವ ಎದರ ಮ್ಯಾಲ ಸಾಯ್ತಾನಂತ್ರಿ?"

ಮಾಸ್ತರು ಚಹಾದ ಕಡೆ ನೋಡಿದರು. "ಅದು... ತಾಲೀಮಿನಾಗ ಜಮಖಾನಿ ಹಾಸಿದ್ರು. ಸಾವ್ಕಾರ್ರ ಮಗ ಅಲ್ಲೇನು."

ನೀಲಾಬಾಯಿ ನಕ್ಕಳು. ಆ ಬಸ್ಸು ಹತ್ತಿದ ಮೇಲೆ ಅವಳು ನಕ್ಕಿದ್ದು ನಾನು ನೋಡಿರಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಕಡೆ ತಿರುಗಿ, "ಹೇಳಬೇ, ನಿನ್ನ ಬಾಯಿಲೇ ಹೇಳು," ಎಂದಳು.

"ಬರ್ತೀನ್ರಿ ಮಾಸ್ತರ್ರೀ," ಎಂದೆ. "ಸಾಯೂದು ನನಗಿಂತ ಚೊಲೊ ಯಾರಿಗೂ ಬರಂಗಿಲ್ಲ. ಕಲಸ್ತೀನಿ. ಆದ್ರ ನಾ ಕಲ್ತಂಗೇ ಕಲಸ್ತೀನಿ. ಜಮಖಾನಿ ಸುತ್ತಿ ಬಾಜೂಕ ಇಡಬೇಕು. ಮಧ್ಯಾಹ್ನ ಮೂರೂವರಿಗೆ ಅವನ್ನ ಬಿಸಲಾಗ ಕಲ್ಲಿನ ಮ್ಯಾಲ ಮಲಗಸ್ರಿ. ಅವರಪ್ಪ ಕುರ್ಚಿ ಹಾಕ್ಕೊಂಡು ಮುಂದ ಕುಂತು ನೋಡ್ಲಿ. ನಾ ಸಾಕು ಅನ್ನೂ ತನ ಹೆಣ ಏಳಬಾರದು."

ಮಾಸ್ತರು ಅರ್ಧ ಚಹಾ ಬಿಟ್ಟು ಎದ್ದರು. ಊಟದ ಗಂಟೆ ಮುಗಿದು ಮೆಷಿನ್ನು ಶುರುವಾಗಿತ್ತು. ನಾನು ಸೆರಗು ಬಿಗಿದುಕೊಂಡು ಹೋಗಿ ಇನ್ನೊಂದು ಹಾಸುಗಲ್ಲಿಗೆ ಕೈ ಹಾಕಿದೆ.